ಹತ್ತನೆಯ ತೋಳು

ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಉಳಿದಿರುವಾಗಲೇ ಮಗಳ ಫೋನು ಬಂದದ್ದು ಮೈಕ್ ಮಾವನ ಅಂದಿನ ಎಲ್ಲ ಫಜೀತಿಗೂ ಮೂಲ.

"ಅಪ್ಪಾ, ನಾಳೆ ಬೆಳಿಗ್ಗೆ ನಾವು ಮಗೂನ ಕರ್ಕೊಂಡು ರೈಲು ಹತ್ತುತ್ತಾ ಇದ್ದೀವಿ. ಇನ್ನು ಯಾವಾಗ ಬರ್ತೀವೋ ಏನೋ. ಹೊರಡೋದಕ್ಕೆ ಮುಂಚೆ ನೀನು, ಅಮ್ಮ ಬಂದು ಒಂದ್ಸಲ ಎತ್ತಿಕೊಂಡುಬಿಡಿ. ಇಷ್ಟು ದಿನ ಆಸ್ಪತ್ರೆ ಗಾಜಿನ ಆಚೆಯಿಂದಲೇ ನೋಡಿದ್ದಾಯ್ತಲ್ಲ."

"ಬರ್ತೀವಿ ಪುಟ್ಟಿ. ಬರದೆ ಇರ್ತೀವಾ?"

"ಒಂದು ವಿಷ್ಯ. ನಮ್ಮತ್ತೆ ಬಾಗಿಲಲ್ಲೇ ನಿಂತಿರ್ತಾರೆ. ಲಸಿಕೆ ಹಾಕಿಸ್ಕೊಂಡ ಮೆಸೇಜ್ ಫೋನಿಗೆ ಬಂದಿರತ್ತಲ್ಲ, ಅದನ್ನ ತೋರಿಸಿದ್ರೆ ಮಾತ್ರ ಒಳಗೆ. ಮೊನ್ನೆ ಅವರ ಸ್ವಂತ ತಮ್ಮನನ್ನೇ ಗೇಟಿನಿಂದ ವಾಪಸ್ ಕಳಿಸಿದ್ರು. ನಿಂದೇನು ಬಿಡು, ಇಡೀ ಬಡಾವಣೆಗೆ ಲಸಿಕೆ ಹಾಕಿಸಿದ್ದೇ ನೀನು!"

ಮೈಕ್ ಮಾವ "ಹ್ಞೂಂ" ಎಂದರು. ಮೂರು ಬೀದಿಯಾಚೆಗೂ ಕೇಳಿಸುವ ಅವರ ಗಂಟಲಿನಿಂದ ಆ ಹ್ಞೂಂ ಹೊರಬರುವಷ್ಟರಲ್ಲಿ ಸೊಳ್ಳೆಯ ದನಿಯಾಗಿತ್ತು.

ವಿಷಯ ಇಷ್ಟೇ. ಮೈಕ್ ಮಾವ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಸಾಂಕ್ರಾಮಿಕ ಬಂದು ಸಭೆಯೂ ಇಲ್ಲ ಸಮಾರಂಭವೂ ಇಲ್ಲ ಎಂದಾಗ ಪೆಟ್ಟಿಗೆಗಳ ಮೇಲೆ ಧೂಳು ಕೂತಿತ್ತು. ಅಷ್ಟರಲ್ಲಿ ಲಸಿಕೆ ಬಂತು. ಜನ ಮಾತ್ರ ಬರಲಿಲ್ಲ. ಹಾಕಿಸಿಕೊಂಡರೆ ಕೈ ಬಿದ್ದುಹೋಗುತ್ತದೆ ಎಂದು ಒಬ್ಬರು, ಜ್ಞಾಪಕಶಕ್ತಿ ಹೋಗುತ್ತದೆ ಎಂದು ಇನ್ನೊಬ್ಬರು. ಆಗ ಶಾಲೆಯಲ್ಲಿ ಕೇಂದ್ರ ತೆರೆದಿದ್ದ ನರ್ಸಮ್ಮ ಮಾವನನ್ನು ಆಟೋದಲ್ಲಿ ಕೂರಿಸಿ ಕೈಗೆ ಮೈಕ್ ಕೊಟ್ಟರು. ಮಾವ ಬೀದಿ ಬೀದಿ ಸುತ್ತಿ ಸಾರಿದರು: "ಬನ್ನಿ ಬಂಧುಗಳೇ! ಹೆದರಬೇಡಿ! ಇರುವೆ ಕಚ್ಚಿದಷ್ಟೂ ನೋವಿಲ್ಲ! ನಾನೇ ಮೊದಲು ಹಾಕಿಸಿಕೊಂಡಿದ್ದೇನೆ, ನೋಡಿ, ಗುಂಡುಕಲ್ಲಿನ ಹಾಗಿದ್ದೇನೆ!"

ಗುಂಡುಕಲ್ಲಿನ ಹಾಗಿದ್ದದ್ದು ನಿಜ. ಹಾಕಿಸಿಕೊಂಡದ್ದು ಮಾತ್ರ ಸುಳ್ಳು. ಮೊದಲ ದಿನವೇ ಸರದಿಯಲ್ಲಿ ನಿಂತಿದ್ದರು. ಮುಂದಿನವನ ತೋಳಿಗೆ ಸೂಜಿ ಹೋಗುವುದನ್ನು ಕಂಡದ್ದೇ ತಡ, ಹಿಂಬಾಗಿಲಿನಿಂದ ಹೊರಬಿದ್ದಿದ್ದರು. ಔಷಧಿ ಅಂಗಡಿಯ ಪಟ್ಟಿ ಒಂದನ್ನು ತೋಳಿಗೆ ತಾವೇ ಅಂಟಿಸಿಕೊಂಡು ಮನೆಗೆ ಬಂದು, ಮೈಕೈ ನೋವೆಂದು ನರಳಿ, ಎರಡು ದಿನ ಹೆಂಡತಿಯಿಂದ ಕಾಲು ಒತ್ತಿಸಿಕೊಂಡಿದ್ದರು. ಮುಂದಿನ ವಾರ ಹೆಂಡತಿಯೂ ಪಟ್ಟಿ ಅಂಟಿಸಿಕೊಂಡು ಬಂದು ಮಲಗಿದಾಗ, ಋಣ ತೀರಿಸಲೆಂದು ಎರಡು ದಿನ ಅಡುಗೆಯನ್ನೂ ಮಾಡಿದ್ದರು.

"ನಿನ್ನ ಫೋನಲ್ಲಿ ಆ ಮೆಸೇಜ್ ಇದೆ ತಾನೆ?" ಎಂದು ಈಗ ಹೆಂಡತಿಯನ್ನು ಕೇಳಿದರು.

"ನಂದಿರಲಿ, ನಿಮ್ಮದು ನೋಡ್ಕೊಳ್ಳಿ," ಎನ್ನುತ್ತಾ ಆಕೆ ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳವೊಂದು ಜಾರಿ ಬಿದ್ದು ಬಹಳ ಹೊತ್ತು ಸದ್ದು ಮಾಡಿತು.

ಅಂದು ಕೇಂದ್ರದ ಕೊನೆಯ ದಿನ. ಯಾರೂ ಇರದ ಹೊತ್ತು ನೋಡಿಕೊಂಡು ಮಧ್ಯಾಹ್ನ ಮಾವ ಶಾಲೆಯೊಳಗೆ ನುಸುಳಿದರು. ಬೆಂಚುಗಳನ್ನು ಗೋಡೆಗೆ ಸರಿಸಿದ್ದ ಮೂರನೇ ತರಗತಿಯ ಕೋಣೆ. ಕರಿಹಲಗೆಯ ಮೇಲೆ ಇನ್ನೂ ಅಳಿಸದ ಮಗ್ಗಿ. ಒಂದು ಮೂಲೆಗೆ ಹಸಿರು ಪರದೆ. ನರ್ಸಮ್ಮ ಐಸ್ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು.

"ಬನ್ನಿ ಮಾವ! ಯಾರನ್ನ ಕರ್ಕೊಂಡು ಬಂದ್ರಿ?"

"ನನ್ನನ್ನೇ," ಎಂದು ಮಾವ ಪಿಸುಗುಟ್ಟಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ನರ್ಸಮ್ಮ ನಗಲಿಲ್ಲ. ನಗುವುದಕ್ಕೂ ಆಗದಷ್ಟು ಬೆರಗಾಗಿ ಹೋಗಿದ್ದರು.

"ಉಳಿದಿರೋದು ಇದೊಂದೇ ಸೀಸೆ ಮಾವ. ಮುಚ್ಚಳ ತೆಗೆದ್ರೆ ಹತ್ತು ಜನಕ್ಕೆ ಹಾಕಲೇಬೇಕು, ಇಟ್ಟುಕೊಳ್ಳೋ ಹಾಗಿಲ್ಲ. ಒಬ್ಬರಿಗೋಸ್ಕರ ತೆಗೆದು ಒಂಬತ್ತು ಜನರ ಪಾಲು ಚೆಲ್ಲೋಕೆ ನನಗೆ ಕೈ ಬರಲ್ಲ. ಸಂಜೆ ವ್ಯಾನ್ ಬಂದು ಎಲ್ಲಾನೂ ಬೇರೆ ಊರಿಗೆ ತಗೊಂಡು ಹೋಗತ್ತೆ. ಅಷ್ಟರೊಳಗೆ ಒಂಬತ್ತು ಜನ ಕರ್ಕೊಂಡು ಬನ್ನಿ. ನಿಮಗೆ ಕೊನೇಲಿ, ಪರದೆ ಹಿಂದೆ, ಯಾರಿಗೂ ಕಾಣದ ಹಾಗೆ ಹಾಕ್ತೀನಿ."

ಒಂಬತ್ತು ಜನ ತಾನೆ? ಮಾವ ಹುರುಪಿನಿಂದ ಹೊರಬಿದ್ದರು. ಬೀದಿ ಕೊನೆ ಮುಟ್ಟುವಷ್ಟರಲ್ಲಿ ಹುರುಪು ಇಳಿಯಿತು. ಯಾವ ಬಾಗಿಲು ತಟ್ಟಿದರೂ ಒಂದೇ ಉತ್ತರ.

"ನಮಗಾಗಿದೆ ಮಾವ. ನಿಮ್ಮ ದನಿ ಕೇಳೇ ಹೋಗಿದ್ದು."

"ನಮ್ಮ ಯಜಮಾನ್ರು ಹಟ ಹಿಡಿದಿದ್ರು. ನೀವು ಮೂರು ದಿನ ನಮ್ಮ ಕಿಟಕಿ ಕೆಳಗೇ ನಿಂತು ಕೂಗಿದ್ರಲ್ಲ, ನಿದ್ದೆ ಮಾಡೋಕಾಗದೆ ಹೋಗಿ ಹಾಕಿಸ್ಕೊಂಡ್ರು."

ಒಬ್ಬ ಮುದುಕರು ಅಂಗಿ ಸರಿಸಿ ತೋಳು ತೋರಿಸಿ ಕೈಮುಗಿದರು. ಆಟೋದಲ್ಲಿ ಕೂತು ಕೂಗುವಾಗ ಮಾವನಿಗೆ ತಮ್ಮ ದನಿ ಗಾಳಿಯಲ್ಲಿ ಹೋಯಿತೆಂದೇ ಅನಿಸಿತ್ತು. ಅದು ಒಂದೊಂದು ಮನೆಯ ಹೊಸಿಲು ದಾಟಿ, ಒಂದೊಂದು ತೋಳನ್ನು ಹಿಡಿದು ಶಾಲೆಗೆ ಕರೆದೊಯ್ದಿತ್ತು. ಮಾವ ಬೆರಗಿನಿಂದ ತಮ್ಮ ಗಂಟಲನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು.

ಹೀಗೆ ಬೀದಿಯಲ್ಲಿ ನಿಂತು ಗಂಟಲು ಸವರಿಕೊಳ್ಳುತ್ತಿದ್ದಾಗ ಇಸ್ತ್ರಿ ಅಂಗಡಿಯವನ ಕಣ್ಣಿಗೆ ಬಿದ್ದರು. ಇಸ್ತ್ರಿಯವನಿಗೆ ಗೊತ್ತಾದದ್ದು ಪತ್ರಿಕೆಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ.

"ಏನು ಮಾವ, ಬಿಸಿಲಲ್ಲಿ?"

"ಇನ್ನೂ ಯಾರಾದ್ರೂ ಉಳಿದಿದ್ದಾರಾ ಅಂತ... ಒಂಬತ್ತು ಜನ ಬೇಕಾಗಿತ್ತು."

"ನೋಡ್ರಪ್ಪಾ!" ಎಂದು ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಇಡೀ ಬೀದಿಗೆ ಕೇಳುವಂತೆ ಕೂಗಿದ. "ತನಗೆ ಯಾವಾಗಲೋ ಆಗಿದೆ, ಆದ್ರೂ ಕೊನೇ ದಿನಾನೂ ಮನೆಮನೆ ತಿರುಗ್ತಿದ್ದಾರೆ! ಇಂಥೋರು ಸಿಗ್ತಾರಾ? ನಡೀರಿ ಮಾವ, ನಾನಿದ್ದೀನಿ!"

ಮಾವ ಬೇಡವೆಂದರೂ ಬಿಡಲಿಲ್ಲ. ಇಸ್ತ್ರಿಯವನ ಹಿಂದೆ ನಾಲ್ಕು ಜನ, ಅವರ ಹಿಂದೆ ಹತ್ತು ಜನ. ಮುಖಗವಸು ಹಾಕಿದ ಸಣ್ಣ ಮೆರವಣಿಗೆಯೇ ಹೊರಟಿತು, ಎಲ್ಲರೂ ಆಗಲೇ ಹಾಕಿಸಿಕೊಂಡವರು.

ಮೊದಲು ಸಿಕ್ಕಿಬಿದ್ದವನು ಮಾವನನ್ನು ಸುತ್ತಿಸಿದ ಆಟೋ ಡ್ರೈವರ್.

"ನಿನಗೂ ಆಗಿಲ್ವೇನೋ?"

"ನಿಮ್ಮನ್ನ ಸುತ್ತಿಸೋದ್ರಲ್ಲೇ ಕೇಂದ್ರ ಮುಚ್ಚೋ ಹೊತ್ತಾಗ್ತಿತ್ತಲ್ಲ ಮಾವ! ಯಾವಾಗ ಹೋಗ್ಲಿ?"

ಆಮೇಲೆ ರಾತ್ರಿ ಪಾಳಿಯ ಕಾವಲುಗಾರ. ಮಾವ ಕೂಗುವಾಗಲೆಲ್ಲ ಅವನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿರುತ್ತಿದ್ದನಂತೆ. ಬೇಕರಿಯ ಒಲೆ ಬಿಟ್ಟು ಬರಲಾಗದೆ ಉಳಿದಿದ್ದ ಮೂವರನ್ನು ಇಸ್ತ್ರಿಯವನ ಕಡೆಯವರು ಹಿಟ್ಟು ಮೆತ್ತಿದ ಕೈಯಲ್ಲೇ ಎಬ್ಬಿಸಿಕೊಂಡು ಬಂದರು. ಒಲೆ ನೋಡಿಕೊಳ್ಳಲು ಮೆರವಣಿಗೆಯ ಇಬ್ಬರು ಅಲ್ಲೇ ನಿಂತರು. ಜಿಮ್ ಮಾಸ್ತರನು ತೊಡೆಯಷ್ಟು ದಪ್ಪದ ತೋಳನ್ನು ಹಿಂದೆ ಮುಚ್ಚಿಟ್ಟುಕೊಂಡು, "ನನಗೆ ಸೂಜಿ ಅಂದ್ರೆ ಆಗಲ್ಲ ಮಾವ," ಎಂದು ಗೋಡೆಗೆ ಆತುಕೊಂಡ.

"ನಾಚಿಕೆ ಆಗಲ್ವಾ? ನಮ್ಮ ಮಾವನ್ನ ನೋಡು, ಮೊದಲನೇ ದಿನಾನೇ ತೋಳು ಕೊಟ್ಟೋರು!" ಎಂದ ಇಸ್ತ್ರಿಯವನು. ಮಾವ ಜಿಮ್ ಮಾಸ್ತರನ ಮುಖ ನೋಡಲಾಗದೆ ಡಂಬೆಲ್ಸ್ ನೋಡುತ್ತಾ ನಿಂತರು. ಮಾಸ್ತರನು ಕಡೆಗೆ ಕಣ್ಣೊರೆಸಿಕೊಂಡು ಹೊರಟ.

ಆರು ಜನ ಆದರು. ಇನ್ನು ಮೂವರು ಎಲ್ಲಿ? ಬಿಸಿಲು ಇಳಿಯುತ್ತಿತ್ತು. ಮಗುವಿನ ಮುಷ್ಟಿಯಷ್ಟು ಪುಟ್ಟ ಮುಖ ಗಾಜಿನಾಚೆ ಆಕಳಿಸಿದ್ದು ಮಾವನಿಗೆ ನೆನಪಾಯಿತು. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಬಂತು.

"ಏಯ್ ಮೈಕ್! ಇವತ್ತು ಯಾಕೆ ಕೂಗಲಿಲ್ಲ?"

ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಒಬ್ಬ ಅಜ್ಜಿ. ಕಾಲು ಬಿದ್ದುಹೋದ ಮೇಲೆ ಆಕೆ ಆ ಕೋಣೆಯಿಂದ ಕೆಳಗೆ ಇಳಿದದ್ದೇ ಇಲ್ಲ. ಇಬ್ಬರು ಸೊಸೆಯರು ಪಾಳಿಯಲ್ಲಿ ನೋಡಿಕೊಳ್ಳುತ್ತಿದ್ದರು.

"ನಿಮಗಾಯ್ತಾ ಅಜ್ಜಿ?"

"ಬನ್ನಿ ಬನ್ನಿ ಅಂತ ದಿನಾ ಕರೀತೀಯ. ನಾನೂ ದಿನಾ ಸೀರೆ ಬದಲಾಯಿಸ್ಕೊಂಡು ಕೂತಿರ್ತೀನಿ. ಇಳಿಸೋರು ಯಾರಪ್ಪಾ? ನನ್ನ ಬಿಟ್ಟು ಹೋಗಕ್ಕಾಗ್ದೆ ಈ ಹುಡುಗೀರೂ ಹಾಗೇ ಉಳಿದ್ರು."

ಮಾವ ದಿನಾ ಇದೇ ಕಿಟಕಿಯ ಕೆಳಗೆ ಹಾದುಹೋಗಿದ್ದರು, ತಲೆ ಎತ್ತಿ ನೋಡಿರಲಿಲ್ಲ.

ಆಮೇಲೆ ನಡೆದದ್ದನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ. ಯಾರೋ ಕೈಯಿರುವ ಕುರ್ಚಿ ತಂದರು. ಯಾರೋ ಹಗ್ಗ ತಂದರು. ಮೆಟ್ಟಿಲು ಕಿರಿದು, ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹಿಡಿಯಲಾಗದು. ಆದ್ದರಿಂದ ನಾಲ್ಕನೇ ಮಹಡಿಯಿಂದ ಕೆಳಗಿನವರೆಗೂ ಜನ ಸಾಲಾಗಿ ನಿಂತು ಕುರ್ಚಿಯನ್ನು ಕೈಯಿಂದ ಕೈಗೆ ದಾಟಿಸಿದರು. ಕಷ್ಟದ ತಿರುವುಗಳಲ್ಲಿ ಜಿಮ್ ಮಾಸ್ತರನು ಒಬ್ಬನೇ ಹಿಡಿದ. ವರ್ಷಗಳಿಂದ ಮಾತು ಬಿಟ್ಟಿದ್ದ ಎರಡನೇ ಮಹಡಿಯ ಎದುರುಬದುರು ಮನೆಯವರು, "ಎಡಗಡೆ ಸ್ವಲ್ಪ ಎತ್ತಿ," "ಹಿಡ್ಕೊಂಡಿದ್ದೀನಿ ಬಿಡಿ," ಎಂದು ಮಾತಾಡಿಬಿಟ್ಟರು. ಅಜ್ಜಿ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತು, ಕೆಳಗೆ ಬಂದೊಡನೆ ಬೀದಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿ, "ಎಷ್ಟು ಜನ!" ಎಂದಳು. ಮಾವನ ಕಣ್ಣು ಮಂಜಾಯಿತು. ಇಷ್ಟು ದಿನ ಒಬ್ಬರನ್ನೊಬ್ಬರು ಮುಟ್ಟಲು ಹೆದರಿ ಬಾಗಿಲು ಹಾಕಿಕೊಂಡಿದ್ದ ಜನ ಇವರೇನಾ ಎನಿಸಿತು.

ಶಾಲೆಯಲ್ಲಿ ನರ್ಸಮ್ಮ ತಲೆ ಎಣಿಸಿ ಸೀಸೆಯ ಮುಚ್ಚಳ ತೆಗೆದರು. ಅಜ್ಜಿ ಮೊದಲು. ಸೂಜಿ ಹೋದಾಗ ಆಕೆ ಅದರ ಕಡೆ ನೋಡಲೇ ಇಲ್ಲ, ಅಂಗಳದ ಮರವನ್ನು ನೋಡುತ್ತಿದ್ದಳು. ಒಬ್ಬೊಬ್ಬರಾಗಿ ಒಂಬತ್ತೂ ಜನ ಮುಗಿಸಿ ವರಾಂಡದಲ್ಲಿ ಕುಳಿತರು. ಜಿಮ್ ಮಾಸ್ತರನು ಹಾಕುವ ಮೊದಲೇ ಕಿರುಚಿ, ಹಾಕಿದ ಮೇಲೆ "ಯಾವಾಗ ಹಾಕ್ತೀರಾ?" ಎಂದು ಕೇಳಿದ.

ಮಾವ ಸದ್ದಿಲ್ಲದೆ ಪರದೆಯ ಹಿಂದೆ ಸರಿದು ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮಡಿಚಿದರು. ಪರದೆಯ ಸಂದಿಯಿಂದ ಒಮ್ಮೆ ಹಿಂಬಾಗಿಲಿನ ಕಡೆ ನೋಡಿದರು. ಆದರೆ ಅಜ್ಜಿಯ ಮುಖ ಕಣ್ಣ ಮುಂದಿತ್ತು. ನಾಳೆ ಮಗುವನ್ನು ಎತ್ತಿಕೊಳ್ಳುವ ಕೈ ಇದು, ನಡುಗಬಾರದು ಎಂದು ಗಟ್ಟಿಮಾಡಿಕೊಂಡರು. ನರ್ಸಮ್ಮ ಕೊನೆಯ ಪಾಲನ್ನು ಸಿರಿಂಜಿಗೆ ಎಳೆದುಕೊಂಡು ಒಳಗೆ ಬಂದರು.

ಅವರ ಬೆನ್ನಿಗೇ ಪರದೆ ಮತ್ತೊಮ್ಮೆ ಅಲ್ಲಾಡಿತು. ಸೆರಗನ್ನು ತಲೆ ಮೇಲೆ ಹೊದ್ದು, ಎರಡೆರಡು ಮುಖಗವಸು ಹಾಕಿಕೊಂಡ ಹೆಂಗಸೊಬ್ಬರು ನುಗ್ಗಿದರು.

"ನರ್ಸಮ್ಮ, ದಯವಿಟ್ಟು ಯಾರಿಗೂ ಹೇಳ್ಬೇಡಿ. ಮೈಕಿನೋರ ಹೆಂಡತೀನೇ ಹಾಕಿಸ್ಕೊಂಡಿಲ್ಲ ಅಂದ್ರೆ ಅವರ ಮರ್ಯಾದೆ ಏನಾಗ್ಬೇಕು? ಆವತ್ತು ಸೂಜಿ ನೋಡಿ ಓಡಿಹೋಗಿಬಿಟ್ಟೆ. ಒಬ್ಬರಿಗೆ ಉಳಿದಿದ್ಯಾ?"

ಆಮೇಲೆ ಸ್ಟೂಲಿನ ಕಡೆ ನೋಡಿದರು. "ಅಯ್ಯೋ! ನೀವು ಇಲ್ಲೇ ಇದ್ದೀರಾ?"

ಮಾವ ಅಷ್ಟರಲ್ಲಿ ಅಂಗಿಯ ತೋಳು ಇಳಿಸಿಕೊಂಡಾಗಿತ್ತು. "ನಾನು... ಹೀಗೇ, ಉಸ್ತುವಾರಿಗೆ."

"ಬೈಬೇಡಿ ಕಣ್ರೀ. ನಿಮಗೇನು, ಧೈರ್ಯವಂತರು. ನನ್ನ ಮೊಮ್ಮಗೂನ ಒಂದೇ ಒಂದ್ಸಲ ಎತ್ತಿಕೊಂಡುಬಿಡಬೇಕು ಅಂತ..." ಎನ್ನುತ್ತಾ ಆಕೆ ಅತ್ತುಬಿಟ್ಟರು.

ನರ್ಸಮ್ಮನ ಕೈಯಲ್ಲಿದ್ದದ್ದು ಒಂದೇ ಪಾಲು. ಅವರು ಮಾವನ ಮುಖ ನೋಡಿದರು. ಮಾವ ಎದ್ದು ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಇವಳಿಗೆ ಹಾಕಿ," ಎಂದರು.

ಹೆಂಡತಿ ಅವರ ಕೈಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಆಕೆಗಾಗಿ ಮಾವ ಕಣ್ಣು ತೆರೆದುಕೊಂಡೇ ನಿಂತರು. ಸೂಜಿ ಹೋಯಿತು, ಬಂತು. ಅಷ್ಟೇ. ಜೀವಮಾನದ ಭಯ ಇಷ್ಟು ಚಿಕ್ಕದಾಗಿತ್ತೇ ಎಂದು ಮಾವ ಬಾಯಿ ತೆರೆದು ನೋಡಿದರು. ಈಗ ಅವರು ಎಷ್ಟು ಸೂಜಿಗೆ ಬೇಕಾದರೂ ತೋಳು ಕೊಡಬಲ್ಲವರಾಗಿದ್ದರು. ಸೀಸೆ ಖಾಲಿಯಾಗಿತ್ತು.

ಹೊರಗೆ ವ್ಯಾನು ಬಂದು ನಿಂತಿತ್ತು. ಅಂಗಳ ತುಂಬ ದೂರದೂರ ನಿಂತ ಜನ. ಇಸ್ತ್ರಿಯವನು ಆಟೋದಿಂದ ಮೈಕ್ ತಂದು ಮಾವನ ಕೈಗಿಟ್ಟ.

"ಹೇಳಿ ಮಾವ! ನಮ್ಮ ಬಡಾವಣೆಯಲ್ಲಿ ಇನ್ನು ಒಬ್ಬರೂ ಬಾಕಿ ಇಲ್ಲ ಅಂತ ನಿಮ್ಮ ಬಾಯಿಂದಲೇ ಬರಲಿ!"

ಮಾವ ಮೈಕ್ ಬಾಯಿಗೆ ಹಿಡಿದರು. ಕುರ್ಚಿಯಲ್ಲಿದ್ದ ಅಜ್ಜಿ ಕಿವಿಗೆ ಕೈ ಆನಿಸಿ ಕಾಯುತ್ತಿದ್ದಳು. ಆಕೆಯ ಎದುರು ಇನ್ನೊಂದು ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಬಂಧುಗಳೇ, ಒಬ್ಬ ಬಾಕಿ ಇದ್ದಾನೆ. ಹೆದರುಪುಕ್ಕಲ. ಮೊದಲ ದಿನವೇ ಹಿಂಬಾಗಿಲಿನಿಂದ ಓಡಿಹೋದವನು. ಅದು ನಾನೇ!"

ಮರುಗಳಿಗೆ ಅಂಗಳವೇ ನಗೆಯಲ್ಲಿ ಮುಳುಗಿತು. ಜಿಮ್ ಮಾಸ್ತರನು ಹೊಟ್ಟೆ ಹಿಡಿದುಕೊಂಡ. "ಏನು ತಮಾಷೆ ಮಾಡ್ತಾರಪ್ಪಾ! ನನ್ನ ನಾಚಿಕೆ ಕಳೆಯೋಕೆ ಹೀಗಂದ್ರು ನೋಡಿ!" ಎಂದ. ಚಪ್ಪಾಳೆ ನಿಲ್ಲಲೇ ಇಲ್ಲ. ನಗದೆ ನಿಂತಿದ್ದವರು ಮಾವನ ಹೆಂಡತಿ ಒಬ್ಬರೇ. ಅವರು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

"ಹಾಗಾದ್ರೆ ಆವತ್ತು ಎರಡು ದಿನ ನನ್ನ ಕೈಲಿ ಕಾಲು ಒತ್ತಿಸ್ಕೊಂಡಿದ್ದು?"

"ನೀನು ಎರಡು ದಿನ ನನ್ನ ಕೈಲಿ ಅಡುಗೆ ಮಾಡಿಸಿದ್ದು?"

ಹೆಂಡತಿ ಅವರ ತೋಳನ್ನು ಒಮ್ಮೆ ಸವರಿದರು. "ನನಗೆ ಬಿಟ್ಟುಕೊಟ್ರಲ್ರೀ," ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೂ ನಾಳೆ ಬೀಗಿತ್ತಿ ನಿಮ್ಮನ್ನ ಒಳಗೆ ಬಿಡಲ್ಲ. ಗೇಟಿನ ಹತ್ರ ನಿಂತಿರಿ, ಕಿಟಕಿಗೆ ತಂದು ತೋರಿಸ್ತೀನಿ," ಎಂದರು.

ನರ್ಸಮ್ಮ ಐಸ್ ಪೆಟ್ಟಿಗೆ ಹಿಡಿದು ವ್ಯಾನಿನ ಮೆಟ್ಟಿಲ ಮೇಲೆ ನಿಂತಿದ್ದರು. "ಮಾವ, ವ್ಯಾನಲ್ಲಿ ಹೊಸ ಸೀಸೆಗಳಿವೆ. ಒಂಬತ್ತು ಜನ ಸಿಕ್ಕಿದ್ರೆ ಈಗಲೇ ತೆಗೀತೀನಿ."

ಮಾವ ಕಡೆಯ ಆಸೆಯಿಂದ ಮೈಕನ್ನು ಎತ್ತಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದರು.

"ಬಂಧುಗಳೇ! ಇನ್ನೂ ಒಂಬತ್ತು ಜನ ಬೇಕು! ಹಾಕಿಸಿಕೊಳ್ಳದವರು ಯಾರಾದರೂ ಇದ್ದೀರಾ?"

ಮೊದಲು ಅಂಗಳದಿಂದ "ಆಗಿದೆ!" ಎಂದರು. ಆಮೇಲೆ ಎದುರಿನ ಬಾಲ್ಕನಿಯಿಂದ "ನಮಗಾಗಿದೆ!" ಬೇಕರಿಯಿಂದ, ಮೇಲಿನ ಮಹಡಿಗಳಿಂದ, ಹಿಂದಿನ ಬೀದಿಯಿಂದ, ಅದರಾಚೆಯ ಬೀದಿಯಿಂದ, ಕಿಟಕಿ ಕಿಟಕಿಯಿಂದ ದನಿ ಬಂತು. "ಆಗಿದೆ ಮಾವ!" "ನಮ್ಮನೇಲಿ ಎಲ್ಲರಿಗೂ ಆಗಿದೆ!" ಇಷ್ಟು ದಿನ ಕೂಗಿದ್ದಕ್ಕೆ ಬಡಾವಣೆ ಒಮ್ಮೆಲೇ ಉತ್ತರ ಕೊಡುತ್ತಿತ್ತು. ಇಷ್ಟೊಂದು ಜನ ಬದುಕಿ ಉಳಿದಿದ್ದಾರೆ ಎಂದು ಮಾವ ರೋಮಾಂಚನಗೊಂಡು, ಮೈಕ್ ಹಿಡಿದ ಕೈ ಇಳಿಸುವುದನ್ನೂ ಮರೆತು ಕೇಳುತ್ತಾ ನಿಂತರು.

ಆ ಸದ್ದು ಅಡಗುವಷ್ಟರಲ್ಲಿ ವ್ಯಾನು ತಿರುವು ದಾಟಿ ಹೋಗಿತ್ತು.