ಸೇತುವೆಯ ಪರವಾಗಿ ಒಂದು ವಿರುದ್ಧ ಮತ

ಮಾರ್ಚ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಆರೂವರೆಗೆ, ಸೆನೆಟರ್ ಹಾಲಿಸ್ ಪೆಲ್ಕಿಯ ಮನೆ ಬಾಗಿಲಿನ ಸಂದಿಯಿಂದ ಒಂದು ಹಳದಿ ಹಾಳೆ ಒಳಗೆ ಜಾರಿಬಂತು. ಅದರಲ್ಲಿ ಹನ್ನೊಂದು ಸಾಲುಗಳಿದ್ದವು. ಹತ್ತು ಸಾಲುಗಳಿಂದ ಅವನಿಗೆ ಯಾವ ತೊಂದರೆಯೂ ಇರಲಿಲ್ಲ.

ಹನ್ನೊಂದನೆಯದು ಹೀಗಿತ್ತು: ‘ಟಿಲ್ಟನ್ ಹಾಲೋ ಸೇತುವೆ ದುರಸ್ತಿ ಮಸೂದೆ. ಮಂಡಿಸಿದವರು: ಪೆಲ್ಕಿ. ಪೆಲ್ಕಿಯವರ ಮತ: ವಿರುದ್ಧ.’

ಸೆನೆಟರ್ ಎಂದರೆ ವಾಷಿಂಗ್ಟನ್ನಿನಲ್ಲಿ ಕೂತು ದೇಶ ಆಳುವ ದೊಡ್ಡ ಕುಳ ಅಲ್ಲ. ವರ್ಮಾಂಟ್ ರಾಜ್ಯದ ಮೂವತ್ತು ಸೆನೆಟರುಗಳಲ್ಲಿ ಒಬ್ಬ, ಅಷ್ಟೆ. ಚಳಿಗಾಲದಲ್ಲಿ ರಾಜಧಾನಿಗೆ ಕಾರು ಓಡಿಸಿಕೊಂಡು ಹೋಗಿ ಮತ ಹಾಕುವುದು, ಉಳಿದ ತಿಂಗಳು ಊರಿನವರ ಗರಗಸ ಹರಿತ ಮಾಡಿಕೊಡುವುದು. ಹಳದಿ ಹಾಳೆ ಊರ ಗುಮಾಸ್ತೆ ವರ್ನಾ ಟೀಚರದು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತಳಾದ ಮೇಲೆ ಈ ಕೆಲಸ ಹಿಡಿದಿದ್ದಳು. ತಮ್ಮ ಸೆನೆಟರ್ ಯಾವ ಮಸೂದೆಗೆ ಹೇಗೆ ಮತ ಹಾಕಿದ ಎಂದು ಪಟ್ಟಿ ಮಾಡಿ, ಪ್ರತಿವರ್ಷ ಊರ ಸಭೆಯ ದಿನ ಬೆಳಿಗ್ಗೆ ಮನೆಮನೆಗೂ ಹಂಚುತ್ತಿದ್ದಳು.

ಹಾಲಿಸನ ಹೆಂಡತಿ ಡೆಲ್ಫೀನ್ ಕಾಫಿ ಬಗ್ಗಿಸುತ್ತ ಅವನ ಭುಜದ ಮೇಲಿಂದ ಓದಿದಳು.

“ನಿಂದೇ ಮಸೂದೆ, ನೀನೇ ವಿರುದ್ಧ. ಅವತ್ತು ಜ್ವರ ಗಿರ ಇತ್ತಾ?”

“ನಾನು ಸೇತುವೆ ಪರವಾಗೇ ವಿರುದ್ಧ ಮತ ಹಾಕಿದ್ದು ಕಣೇ.”

“ಹಂಗಾದ್ರೆ ನಾನು ಪ್ರೀತಿಯಿಂದಲೇ ಈ ಕಾಫೀನ ನಿನ್ನ ತಲೆ ಮೇಲೆ ಸುರೀಲಾ?”

ಹಾಲಿಸ್ ಉಪ್ಪಿನ ಡಬ್ಬಿ, ಜಾಮಿನ ಬಾಟಲಿ, ಚಮಚಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. “ನೋಡು, ಇವು ಸೆನೆಟರುಗಳು. ಹೆಸರು ಕೂಗ್ತಾ ಹೋದ್ರು. ಪರ ಹದಿನಾಲ್ಕು, ವಿರುದ್ಧ ಹದಿನಾರು. ಸೋತೆವು ಅಂತ ಗೊತ್ತಾಯ್ತು. ಸೋತ ಕಡೆಯವರಿಗೆ ‘ಇನ್ನೊಂದ್ಸಲ ಮತಕ್ಕೆ ಹಾಕಿ’ ಅಂತ ಕೇಳೋ ಹಕ್ಕಿಲ್ಲ. ಗೆದ್ದ ಕಡೆ ಮತ ಹಾಕಿದವರಿಗೆ ಮಾತ್ರ ಇದೆ. ಅದಕ್ಕೇ, ಫಲಿತಾಂಶ ಹೇಳೋಕೆ ಮುಂಚೆ ಎದ್ದು ನನ್ನ ಮತ ಬದಲಾಯಿಸಿದೆ.” ಉಪ್ಪಿನ ಡಬ್ಬಿ ಜಾಮಿನ ಕಡೆಗೆ ಹೋಯಿತು. “ಸಂಜೆ ಫೋನಲ್ಲಿ ಇಬ್ಬರನ್ನ ಒಪ್ಪಿಸಿದೆ. ಮಾರನೇ ದಿನ ಬೆಳಿಗ್ಗೆ ಎದ್ದು ಕೇಳಿದ್ರೆ ಗೆದ್ದೇಬಿಡ್ತಿದ್ವಿ.”

“ಮತ್ತೆ ಕೇಳಲಿಲ್ಲ ಯಾಕೆ?”

“ದಾರೀಲಿ ಮರ್ಟನ್‌ನ ಟ್ರಕ್ಕು ಚರಂಡಿಗೆ ಬಿದ್ದಿತ್ತು. ಸರಪಳಿ ಹಾಕಿ ಎಳೆದು ಹೋಗೋಷ್ಟರಲ್ಲಿ ಸಭೆ ಮುಗಿದಿತ್ತು. ಆ ಒಂದು ದಿನ ದಾಟಿದ್ರೆ ಮತ್ತೆ ಕೇಳೋ ಹಾಗಿಲ್ಲ.”

ಡೆಲ್ಫೀನ್ ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡು ಎರಡು ಸಲ ಆಚೀಚೆ ಓಡಾಡಿಸಿದಳು. “ಸೋಲ್ತೀವಿ ಅಂತ ಕಂಡ್ರೆ ಗೆಲ್ಲೋರ ಜೊತೆ ಸೇರ್ಕೊಳ್ಳೋದು. ಆಮೇಲೆ ತಿರುಗಿ ಕೇಳೋದು. ಹೌದಾ?”

“ಹೌದು.”

“ನನಗೇನೋ ಅರ್ಥ ಆಯ್ತು. ಊರಿಗೆ ಹೇಳೋವಾಗ ಎಷ್ಟು ಡಬ್ಬಿ ಹೊತ್ಕೊಂಡು ಹೋಗ್ತೀಯ?”

ಊರಿನ ಸಂಕಟ ಅವಳಿಗೂ ಗೊತ್ತಿತ್ತು. ಸೇತುವೆ ಮುಚ್ಚಿ ಎರಡು ವರ್ಷವಾಗಿತ್ತು. ಹೊಳೆಯಾಚೆಯ ಅಂಗಡಿಗೆ, ಶಾಲೆಗೆ ಹೋಗಬೇಕಾದರೂ ಹದಿನೆಂಟು ಮೈಲಿ ಸುತ್ತು. ಆ ಸುತ್ತುದಾರಿಯಲ್ಲಿ ಮಂಜು ಕರಗುವ ಕಾಲಕ್ಕೆ ಕಾರುಗಳು ಕಾವಲಿಗೆ ಕಚ್ಚಿದ ದೋಸೆಯಂತೆ ಕೆಸರಿಗೆ ಅಂಟಿಕೊಳ್ಳುತ್ತಿದ್ದವು. ನವೆಂಬರಿನಲ್ಲಿ ಹಾಲಿಸ್ ಐದನೆಯ ಸಲ ಚುನಾವಣೆಗೆ ನಿಲ್ಲಬೇಕು. ಸ್ವಂತ ಊರೇ ಕೈಬಿಟ್ಟರೆ ಜಿಲ್ಲೆಯಲ್ಲಿ ಬೇರೆ ಯಾರು ಕೈಹಿಡಿಯುತ್ತಾರೆ?

ಶಾಲೆಯ ಮೆಟ್ಟಿಲ ಮೇಲೆ ಮರ್ಟನ್ ಕಾಬ್ ಹಳದಿ ಹಾಳೆ ಹಿಡಿದು ಕಾದಿದ್ದ. ಅರವತ್ತು ಹಸುಗಳ ಯಜಮಾನ. ಅವುಗಳ ಜೊತೆ ಮಾತಾಡಿ ಮಾತಾಡಿ, ಮನುಷ್ಯರ ಜೊತೆಯೂ ಅದೇ ದನಿಯಲ್ಲಿ ಮಾತಾಡುತ್ತಿದ್ದ.

“ಬಾರಪ್ಪಾ ಸೆನೆಟರ್! ಸ್ವಂತ ಮಗೂನ ಹೊಳೆಗೆ ಎಸೆದು ಬಂದ್ಯಾ?”

“ಮರ್ಟನ್, ಮಾರನೇ ದಿನ ತಿರುಗಿ ಮತಕ್ಕೆ ಹಾಕ್ಸೋನಿದ್ದೆ. ಅವತ್ತು ನಿನ್ನ ಟ್ರಕ್ಕು ಎಳೆಯೋಕೆ ನಿಂತೆನಲ್ಲ, ಅದಕ್ಕೇ ತಡ ಆಯ್ತು.”

“ಓಹೋ! ಕೇಳಿದ್ರೇನ್ರಪ್ಪಾ?” ಮರ್ಟನ್ ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ಕೂಗಿದ. “ಸೇತುವೆ ಮಸೂದೆ ಬಿದ್ದಿದ್ದು ನನ್ನಿಂದ ಅಂತೆ! ನಾನು ಚರಂಡಿಗೆ ಬಿದ್ದಿದ್ದು ಯಾಕೆ? ಸೇತುವೆ ಇಲ್ಲ ಅಂತ. ಸೇತುವೆ ಇಲ್ಲ ಯಾಕೆ? ನಾನು ಚರಂಡಿಗೆ ಬಿದ್ದೆ ಅಂತ! ನನ್ನ ಹಸೂಗಳೂ ಇದನ್ನ ನಂಬಲ್ಲ.”

ಅಷ್ಟು ಸಾಲದೆಂಬಂತೆ, ಸೇತುವೆ ಪಕ್ಕದಲ್ಲಿ ಬೇಸಿಗೆ ಕಳೆಯಲೆಂದು ಮನೆ ಕಟ್ಟಿಸಿಕೊಂಡಿದ್ದ ಪೇಟೆಯ ಹೆಂಗಸೊಬ್ಬಳು ನೇರಳೆ ಬಣ್ಣದ ಕೋಟು ಹಾರಿಸಿಕೊಂಡು ಓಡಿಬಂದು ಎಲ್ಲರೆದುರಿಗೇ ಹಾಲಿಸನನ್ನು ತಬ್ಬಿಕೊಂಡಳು. “ಥ್ಯಾಂಕ್ಸ್ ಸೆನೆಟರ್! ನನ್ನ ಕಿಟಕಿ ಕೆಳಗೆ ಟ್ರಕ್ಕು ಓಡಾಡೋದನ್ನ ತಪ್ಪಿಸಿದ್ರಿ. ನಿಮ್ಮಂಥ ಧೈರ್ಯಸ್ಥರು ಬೇಕು!” ಹಾಲಿಸ್ ಮಳೆಗೆ ನೆನೆದ ಹತ್ತಿಮೂಟೆಯಂತೆ ಅವಳ ತೋಳಿನಲ್ಲಿ ನಿಂತಿದ್ದ.

ಬಾಗಿಲಲ್ಲಿ ಮತದಾರರ ಪಟ್ಟಿ ಇಟ್ಟುಕೊಂಡು ಕೂತಿದ್ದ ವರ್ನಾ ಟೀಚರ ಮುಂದೆ ಅವನು ಬಗ್ಗಿದ. “ಟೀಚರ್, ಯಾಕೆ ವಿರುದ್ಧ ಹಾಕಿದೆ ಅನ್ನೋದನ್ನೂ ಒಂದು ಸಾಲು ಬರೀಬಹುದಿತ್ತು.”

“ಕಾರಣಕ್ಕೆ ಕಾಲಂ ಇಲ್ಲ, ಮಗನೇ.” ಕನ್ನಡಕದ ಮೇಲಿಂದ ನೋಡಿದಳು. “ಮೂರನೇ ಕ್ಲಾಸಲ್ಲೂ ನೀನು ಹಿಂಗೇ. ಲೆಕ್ಕ ತಪ್ಪು, ವಿವರಣೆ ಉದ್ದ.”

ಶಾಲೆಯ ಆಟದ ಹಾಲಿನಲ್ಲಿ ಸಭೆ. ಹಿಂದೆಂದೂ ಇಷ್ಟು ಜನ ಬಂದಿರಲಿಲ್ಲ. ಕುರ್ಚಿಗಳು ಮುಗಿದು, ಹಿಂದಿನ ಗೋಡೆಗೆ ಒರಗಿ ಇಪ್ಪತ್ತು ಮೂವತ್ತು ಮಂದಿ ನಿಂತಿದ್ದರು. ಮಧ್ಯಾಹ್ನದ ಊಟಕ್ಕೆ ಮನೆಮನೆಯಿಂದ ಬಂದ ಪಾತ್ರೆಗಳು ಪಕ್ಕದ ಅಡುಗೆಕೋಣೆಯಲ್ಲಿದ್ದವು. ಮೇಪಲ್ ಮರದ ಸಿಹಿಪಾಕ ಹಾಕಿದ ಬೀನ್ಸನ್ನು ದೊಡ್ಡ ಹಂಡೆಯಲ್ಲಿ ಬಿಸಿ ಮಾಡುವ ಹೊಣೆ ಡೆಲ್ಫೀನಳದು. ಬಡಿಸುವ ಕಿಟಕಿಯಿಂದ ಅವಳಿಗೆ ಹಾಲ್ ಕಾಣುತ್ತಿತ್ತು. ಆದರೆ ಹೊಗೆ ಎಳೆಯುವ ಫ್ಯಾನಿನ ಗದ್ದಲಕ್ಕೆ ಮಾತು ಅರೆಬರೆ ಕೇಳುತ್ತಿತ್ತು.

ನಾಲ್ಕನೆಯ ವಿಷಯ: ಸೆನೆಟರರ ವರದಿ ಕೇಳಿ ಧನ್ಯವಾದ ಹೇಳುವುದು. ಎಂಟು ವರ್ಷದಿಂದ ಒಂದೇ ನಿಮಿಷದಲ್ಲಿ ಮುಗಿಯುತ್ತಿದ್ದ ಶಾಸ್ತ್ರ. ಈ ಸಲ ಮರ್ಟನ್ ಎದ್ದ.

“ಧನ್ಯವಾದ ಅನ್ನೋದನ್ನ ಹೊಡೆದುಹಾಕಿ. ‘ಈ ಊರಿಗೆ ಹಾಲಿಸ್ ಪೆಲ್ಕಿಯ ಮೇಲೆ ನಂಬಿಕೆಯಿಲ್ಲ, ನವೆಂಬರಿನಲ್ಲಿ ನಿಲ್ಲಬೇಡಿ’ ಅಂತ ಬರೀರಿ.”

ಹಾಲಿಸ್ ಎದ್ದು ಉಪ್ಪಿನ ಡಬ್ಬಿಯ ಕತೆಯನ್ನು ಡಬ್ಬಿಯಿಲ್ಲದೆ ಹೇಳಿದ. “ನಾನು ಗೆದ್ದ ಕಡೆ ಸೇರಿದ್ದೇ ಸೋತ ಕಡೆ ಗೆಲ್ಲಲಿ ಅಂತ,” ಎಂದಾಗ ಮುಂದಿನ ಸಾಲಿನ ಮುದುಕಿ ಹೆಣಿಗೆ ಲೆಕ್ಕ ತಪ್ಪಿ ಸ್ವೆಟರಿನ ಒಂದು ತೋಳನ್ನೇ ಬಿಚ್ಚಬೇಕಾಯಿತು. ಆದರೂ ಕೆಲವರು ತಲೆಯಾಡಿಸಿದರು. ಹೋದ ವರ್ಷ ಅವನು ಯಾರ ಯಾರ ಗರಗಸ ಪುಕ್ಕಟೆ ಹರಿತ ಮಾಡಿಕೊಟ್ಟಿದ್ದನೋ ಅವರು.

ಸಭೆ ನಡೆಸುವ ಆನ್ಸೆಲ್ ವಿಟ್‌ಕಾಂಬ್ ಸುತ್ತಿಗೆ ಬಡಿದ. ನಿಯಮ ಅಂದರೆ ಅವನಿಗೆ ಪ್ರಾಣ. “ಮರ್ಟನ್ ಮಾತಿನ ಪರ ಇರೋರು ಎದ್ದು ನಿಲ್ಲಿ. ಕುರ್ಚಿ ಸಿಗದೆ ನಿಂತೋರು ಪರವಾದ್ರೆ ಕೈಯೆತ್ತಿ, ಇಲ್ಲಾಂದ್ರೆ ಸುಮ್ನಿರಿ.”

ಜನ ಎದ್ದರು. ಹಾಲಿಸ್ ಎಣಿಸಿದ. ಇನ್ನೂ ಎಣಿಸುತ್ತಿರುವಾಗಲೇ ಅಡುಗೆಕೋಣೆಯ ಬಾಗಿಲು ದಡಾರನೆ ತೆರೆದು ಡೆಲ್ಫೀನ್ ಓಡಿಬಂದಳು. ಹಾಲಿನ ನಟ್ಟನಡುವೆ, ಸೌಟನ್ನು ಧ್ವಜದಂತೆ ಎತ್ತಿ ಹಿಡಿದು, ನೆಟ್ಟಗೆ ನಿಂತಳು. ಗಂಡನ ವಿರುದ್ಧ.

ಹಾಲಿನಲ್ಲಿ ಒಂದು ಉದ್ದನೆಯ ಉಸಿರು ಕೇಳಿಸಿತು. ಹಾಲಿಸನ ಎಣಿಕೆ ತಪ್ಪಿತು. ಆಗ ಡೆಲ್ಫೀನ್ ಅವನ ಕಡೆ ತಿರುಗಿ ಕಣ್ಣು ಹೊಡೆದಳು. ಉಪ್ಪಿನ ಡಬ್ಬಿ! ಸೋಲು ಖಂಡಿತ ಎಂದು ಕಂಡು ಗೆಲ್ಲುವವರ ಜೊತೆ ಸೇರಿಕೊಂಡಿದ್ದಾಳೆ. ಇನ್ನು ತಿರುಗಿ ಮತಕ್ಕೆ ಹಾಕಿ ಎಂದು ಕೇಳುತ್ತಾಳೆ. ಅಷ್ಟರಲ್ಲಿ ನಾಲ್ಕು ಮಾತಾಡಿ ಮೂರು ಜನರನ್ನಾದರೂ ತಿರುಗಿಸಬಹುದು. ನಲವತ್ತು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಅವನಿಗೆ ಉಕ್ಕಿದ್ದು ಅದೇ ಮೊದಲು.

ವಿರುದ್ಧ ಇದ್ದವರನ್ನೂ ಎಣಿಸಿದ್ದಾಯಿತು. “ಪರ ಅರವತ್ತು, ವಿರುದ್ಧ ಐವತ್ತೊಂಬತ್ತು,” ಎಂದ ಆನ್ಸೆಲ್. “ಮರ್ಟನ್ ಮಾತು ಗೆದ್ದಿದೆ.”

ಡೆಲ್ಫೀನ್ ಸೌಟು ಎತ್ತಿದಳು. “ಆನ್ಸೆಲ್, ನಾನೊಂದು—”

“ಡೆಲ್ಫೀನ್!” ಕಿಟಕಿಯ ಪಕ್ಕದಲ್ಲಿದ್ದ ಮರ್ಟನ್ ಚೀರಿದ. “ಬೀನ್ಸು! ಬೀನ್ಸು ಸೀಯ್ತಾ ಇದೆ!”

ಹೊಗೆ ನಿಜವಾಗಿಯೂ ಹಾಲಿಗೆ ನುಗ್ಗುತ್ತಿತ್ತು. ಇಡೀ ಊರಿನ ಊಟ. ಡೆಲ್ಫೀನ್ ಯೋಚಿಸಲಿಲ್ಲ, ಓಡಿದಳು.

“ಐದನೇ ವಿಷಯ,” ಎಂದ ಆನ್ಸೆಲ್, “ಮಂಜು ತೆಗೆಯೋ ಗಾಡಿ.”

“ಒಂದು ನಿಮಿಷ ಆನ್ಸೆಲ್!” ಹಾಲಿಸ್ ಕೂಗಿದ. “ಅವಳು ತಿರುಗಿ ಮತಕ್ಕೆ ಹಾಕಿಸ್ಬೇಕು!”

“ಅವಳೇ ಕೇಳ್ಬೇಕು. ನೀನು ಸೋತ ಕಡೆ, ಕೂತ್ಕೋ.”

“ಬರ್ತಾಳೆ, ತಡಿ!”

“ಮುಂದಿನ ವಿಷಯ ಶುರುವಾದ ಮೇಲೆ ಹಿಂದಿನದು ಮುಗೀತು. ನಿಯಮ ನನ್ನದಲ್ಲಪ್ಪಾ.”

ಡೆಲ್ಫೀನ್ ಮುಖಕ್ಕೆ ಮಸಿ ಬಳಿದುಕೊಂಡು ಬಂದಾಗ ಊರು ಮಂಜಿನ ಗಾಡಿಯ ಚಕ್ರದ ಬಗ್ಗೆ ಜಗಳ ಮಾಡುತ್ತಿತ್ತು. ಅವಳು ಸೀದಾ ವರ್ನಾ ಟೀಚರ ಹತ್ತಿರ ಹೋದಳು.

“ಟೀಚರ್, ನಾನು ಹಾಲಿಸನ ಪರವಾಗೇ ಅವನ ವಿರುದ್ಧ ಮತ ಹಾಕಿದ್ದು. ಅರ್ಧಕ್ಕಿಂತ ಜಾಸ್ತಿ ಜನ ನಿಂತಿದ್ರು, ಸೋತೇಬಿಟ್ವಿ ಅಂತ…”

“ಎಲ್ಲಿ ನಿಂತಿದ್ರು?”

“ಹಿಂದೆ, ಗೋಡೆಗೆ ಒರಗಿಕೊಂಡು. ಒಂದು ಗುಂಪೇ ಇತ್ತಲ್ಲ.”

ಟೀಚರ್ ಪೆನ್ನು ಕೆಳಗಿಟ್ಟಳು. “ಅವರು ಬೆಳಿಗ್ಗೆಯಿಂದಲೂ ನಿಂತಿದ್ದಾರೆ, ಮಗಳೇ. ಕುರ್ಚಿ ಇಲ್ಲ. ಅವರಲ್ಲಿ ಮುಕ್ಕಾಲು ಪಾಲು ನಿನ್ನ ಗಂಡನ ಕಡೆ. ನೀನು ಒಳಗೇ ಇದ್ದಿದ್ರೂ ಸಾಕಿತ್ತು, ಐವತ್ತೊಂಬತ್ತಕ್ಕೆ ಐವತ್ತೊಂಬತ್ತು. ಸಮ ಬಂದ್ರೆ ಮಾತು ಬಿದ್ದುಹೋದ ಹಾಗೆ.”

ಡೆಲ್ಫೀನ್ ಹಿಂದಿನ ಗೋಡೆಯ ಕಡೆ ತಿರುಗಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ಯಾಕೆ ಹಾಗೆ ಹಾಕಿದೆ ಅಂತ ಒಂದು ಸಾಲು ಬರೀತೀರಾ?” ಎಂದಳು.

“ಕಾರಣಕ್ಕೆ ಕಾಲಂ ಇಲ್ಲ.”

ಮನೆಗೆ ಹದಿನೆಂಟು ಮೈಲಿ ಸುತ್ತು. ಕಾರಿನ ತುಂಬ ಸೀದ ಬೀನ್ಸಿನ ವಾಸನೆ. ಹನ್ನೊಂದನೆಯ ಮೈಲಿಯ ತಿರುವಿನಲ್ಲಿ ಒಂದು ಟ್ರಕ್ಕು ಮೂತಿ ಕೆಳಗೆ ಮಾಡಿ ಚರಂಡಿಯಲ್ಲಿ ಮಲಗಿತ್ತು. ಪಕ್ಕದಲ್ಲಿ ಮರ್ಟನ್ ಎರಡೂ ಕೈ ಬೀಸುತ್ತಿದ್ದ.

ಹಾಲಿಸ್ ಹೆಂಡತಿಯ ಮುಖ ನೋಡಿದ.

“ಇಳಿ,” ಎಂದಳು ಡೆಲ್ಫೀನ್. “ಸರಪಳಿ ತೆಗಿ. ಇವತ್ತು ತಡ ಆದ್ರೂ ಕಳ್ಕೊಳ್ಳೋಕೆ ಏನೂ ಉಳಿದಿಲ್ಲ.”

ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಹಾಲಿಸ್ ಕೊಕ್ಕೆ ಸಿಕ್ಕಿಸುವಾಗ ಮರ್ಟನ್ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ.

“ಬೇಜಾರು ಮಾಡ್ಕೋಬೇಡ ಮಾರಾಯ. ಜನ ಒತ್ತಾಯ ಮಾಡ್ತಿದ್ದಾರೆ. ನವೆಂಬರಲ್ಲಿ ನಿನ್ನ ಜಾಗಕ್ಕೆ ನಾನೇ ನಿಲ್ಲೋಣ ಅಂತಿದ್ದೀನಿ. ನೀವಿಬ್ಬರೂ ನನ್ನ ಪರ ತಾನೇ?”

ಹಾಲಿಸ್ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದ. ಮೂಗಿನ ಮೇಲಿನ ಕೆಸರು ಒರೆಸಿಕೊಂಡ.

“ಪೂರ್ತಿ ನಿನ್ನ ಪರ, ಮರ್ಟನ್,” ಎಂದ. “ನಾವು ಯಾರ ಪರವೋ ಅವರಿಗೆ ಹೇಗೆ ಮತ ಹಾಕ್ತೀವಿ ಅಂತ ಊರಿಗೆಲ್ಲ ಗೊತ್ತಲ್ಲ!”