ಎಳ್ಳೆಣ್ಣೆಯಲ್ಲಿ ಯಮನವ್ವನ ಉಸಿರಿನ ಪಾಲು

ಎಣ್ಣೆಬೀಜ ಶಾಖೆ, ಗೋಕಾಕ
ಸಂ: ಎಬೀ/ಉಸಿರು/೧೭/೫೮
ದಿನಾಂಕ: ೧೮-೧೧-೧೯೫೮

ವಿಷಯ: ಬಲಿಯುತ್ತಿರುವ ಬೀಜದಲ್ಲಿ ಗಾಳಿಯ ಇಂಗಾಲವು ಸಕ್ಕರೆಯ ಮೂಲಕ ಎಣ್ಣೆಯಾಗುವ ಕ್ರಮ, ಅದರಲ್ಲಿ ಸಾರ್ವಜನಿಕರು ಕೇಳುತ್ತಿರುವ ಪಾಲು.
ಉಲ್ಲೇಖ: ಯಮನವ್ವ ಇವರು ಕಚೇರಿಯ ಕಟ್ಟೆಯ ಮೇಲೆ ಕುಳಿತು ಸಲ್ಲಿಸಿದ, ಇನ್ನೂ ಮುಗಿಯದ ಮೌಖಿಕ ಅರ್ಜಿ.

೧. ಮಮದಾಪುರದ ಸರ್ಕಾರಿ ಎಳ್ಳಿನ ತಾಕಿನಲ್ಲಿ ಕಳೆ ಕೀಳುವ ಯಮನವ್ವ ಇವರು ಬಾಯಿ ಮುಚ್ಚುವುದಿಲ್ಲವೆಂಬ ಕಾರಣಕ್ಕೆ ಅವರನ್ನು ಕೆಲಸದಿಂದ ಬಿಡಿಸಲು ಮೇಲ್ವಿಚಾರಕ ಶಿದ್ಲಿಂಗಪ್ಪ ಇವರು ನಿರ್ಧರಿಸಿದ್ದರು. ಮಗಳ ಬಾಣಂತನ ಎದುರಿಗಿದ್ದ ಯಮನವ್ವನಿಗೆ ಈ ಕೂಲಿ ಅತ್ಯಗತ್ಯವಾಗಿತ್ತೆಂಬುದನ್ನು ಶಾಖೆ ಒಪ್ಪುತ್ತದೆ.

೨. ಅದೇ ದಿನ ಸದರಿ ಮೇಲ್ವಿಚಾರಕರು ತರಬೇತಿಯಲ್ಲಿ ಕಲಿತದ್ದನ್ನು ರೈತರಿಗೆ ವಿವರಿಸುತ್ತ, "ನಾವು ಬಿಟ್ಟ ಉಸುರು ತಗೊಂಡು ಎಲಿ ಸಕ್ಕರಿ ಮಾಡತೈತಿ. ಕಾಯಾಗಿನ ಕಾಳು ಆ ಸಕ್ಕರೀನ ಎಣ್ಣಿ ಮಾಡತೈತಿ" ಎಂದರು. ಕಳೆ ಕೀಳುತ್ತಿದ್ದ ಯಮನವ್ವ ಸೆರಗು ಕೊಡವಿ ಎದ್ದು ನಿಂತರು.
"ಅಂದ್ರ ಭಾಳ ಮಾತಾಡಿದಾಕಿ ಭಾಳ ಎಣ್ಣಿ ಕೊಟ್ಟಂಗಾತಲ್ರಿ ಸಾಹೇಬ್ರ! ಮತ್ತ ನನ್ನ ಯಾಕ ಬಿಡಸ್ತೀರಿ?"
ಬಿಡಿಸುವ ನಿರ್ಧಾರವನ್ನು ಅಲ್ಲಿಯೇ ಹಿಂಪಡೆಯಲಾಯಿತು. ಕೆಲಸ ಮುಂದುವರಿಯಿತು, ಮಾತೂ.

೩. ಸುಗ್ಗಿಯಾಗಿ ಗಾಣದಿಂದ ಎಣ್ಣೆ ಇಳಿದಾಗ ಯಮನವ್ವ ಚರಿಗೆ ಹಿಡಿದು ಬಂದರು. "ನನ್ನ ಉಸುರು ನನಗ ಕೊಡ್ರಿ. ಉಳದದ್ದು ಸರ್ಕಾರದವ್ರು ಇಟ್ಕೊಳ್ಳಲಿ." ಉಸಿರನ್ನು ಎಣ್ಣೆಯಿಂದ ಬೇರ್ಪಡಿಸುವಂತೆ ಗಾಣಿಗರಿಗೆ ಆದೇಶಿಸಲಾಯಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವನ್ನು ಕಡತಕ್ಕೆ ಸೇರಿಸಲಾಗಿದೆ.

೪. ಅನ್ಯಮಾರ್ಗವಿಲ್ಲದೆ ಒಂದು ಚರಿಗೆ ಎಣ್ಣೆ ಮಂಜೂರಾಯಿತು. ಮಗಳು ಹೆತ್ತ ಹೆಣ್ಣುಕೂಸಿಗೆ ಅದನ್ನೇ ತಿಕ್ಕಿ ಎರೆಯಲಾಗುತ್ತಿದೆ. ಕೂಸಿನ ಕಿರುಚಾಟ ಕುಲಗೋಡಕ್ಕೂ ಕೇಳುತ್ತದೆಂದು ವರದಿ. "ನನ್ನ ಉಸುರ ಅದು!" ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ತಿರುಗುವುದನ್ನು ತಡೆಯಲು ಸದ್ಯ ಯಾವ ನಿಯಮವೂ ಇಲ್ಲ.

೫. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನರು ಬಸ್ಸು ಹಿಡಿದು ಬಂದು ಎಣ್ಣೆಯ ಪಾಲಿನಾಸೆಗೆ ಸದರಿ ತಾಕಿನ ಹಿಂಗಾರಿನ ಕುಸುಬೆಯ ಮೇಲೆ ಊದುತ್ತಿರುವುದರಿಂದ, ಸಂಬಂಧಪಟ್ಟ ಎಲ್ಲ ಶ್ವಾಸಕೋಶಗಳಿಗೆ ತಿಳಿಯಪಡಿಸುವುದೇನೆಂದರೆ:
(ಅ) ಉಸಿರು ಬಿಡಲು ಅಡ್ಡಿಯಿಲ್ಲ. ಪಾಲು ಸಿಗುವುದಿಲ್ಲ.
(ಆ) ಒಂದು ಗೊರಕೆಯನ್ನು ಎರಡು ಉಸಿರೆಂದು ಪರಿಗಣಿಸಲಾಗುವುದಿಲ್ಲ.
(ಇ) ಬೈಗುಳದ ಉಸಿರಿನಿಂದ ಎಣ್ಣೆ ಖಾರವಾಗುತ್ತದೆಯೇ ಎಂಬುದನ್ನು ಸಿಬ್ಬಂದಿ ಭಜಿ ಕರಿದು ಪರೀಕ್ಷಿಸತಕ್ಕದ್ದಲ್ಲ.
(ಈ) ಸಕ್ಕರೆಯನ್ನು ಯಾವಾಗ ಎಣ್ಣೆ ಮಾಡಬೇಕೆಂಬುದು ಬೀಜದ ವಿವೇಚನೆಗೆ ಬಿಟ್ಟದ್ದು. ಅದಕ್ಕೆ ನೆನಪೋಲೆ ಕಳಿಸಕೂಡದು.

(ಸಹಿ ಅಸ್ಪಷ್ಟ)
ಶಾಖಾಧಿಕಾರಿಗಳ ಪರವಾಗಿ

ಪ್ರತಿಗಳು:
ಶಿದ್ಲಿಂಗಪ್ಪ, ಮೇಲ್ವಿಚಾರಕರು: ಕಲಿತದ್ದನ್ನೆಲ್ಲ ಹೇಳದಿರುವ ಸೂಚನೆಯೊಂದಿಗೆ.
ಯಮನವ್ವ, ಮಮದಾಪುರ: ಮಾಹಿತಿಗಾಗಿ. ಉತ್ತರ ನಿರೀಕ್ಷಿಸಿಲ್ಲ.
ಗಾಣದ ಎತ್ತು: ಎಲ್ಲರಿಗಿಂತ ಹೆಚ್ಚು ಏದುಸಿರು ಬಿಟ್ಟೂ ಯಾವ ಹಕ್ಕನ್ನೂ ಮಂಡಿಸದಿದ್ದಕ್ಕಾಗಿ, ಮೆಚ್ಚುಗೆಯೊಂದಿಗೆ.