ಕೋಸಿನ ಎಲೆಯಲ್ಲಿ ವಾಸವಾಗಿರುವ ಗಿಡಹೇನಿನವರಿಗೆ

ಮಾನ್ಯರೇ,

ಜೆರುಸಲೇಮಿನ ಸಂತೆಯ ಹಿಂದಿನ ಓಣಿಯಿಂದ, ಹಬೀಬಾ ಸೋಫೇರ್ ಎಂಬ ಖಾನಾವಳಿಯವಳ ಸವಿನಯ ವಂದನೆಗಳು. ಎಳ್ಳಿಗಿಂತ ಚಿಕ್ಕದಾದ ತಮ್ಮ ದೇಹವು ಎಲೆಯದೇ ಬಣ್ಣ ಹೊದ್ದು ಕ್ಷೇಮವಾಗಿದೆಯೆಂದು ಬಲ್ಲೆ. ನೆಮ್ಮದಿ ಕೆಟ್ಟಿದ್ದು ನಮ್ಮ ಮನೆಯಲ್ಲಿ.

ಯೆಹೂದಿ ಆಹಾರನಿಯಮಕ್ಕೆ ಸಲ್ಲುತ್ತದೆಂದು ಕೋಷರ್ ಮುದ್ರೆ ಕೊಡುವ ನಮ್ಮ ಮಂಡಳಿಗಳೆಲ್ಲ ಹುಳ ತಿನ್ನಬಾರದೆಂಬುದನ್ನು ಒಪ್ಪುತ್ತವೆ. ತಮ್ಮನ್ನು ಹುಡುಕುವ ಬಗೆಯಲ್ಲಿ ಮಾತ್ರ ಜಗಳ. ನನಗೆ ಮುದ್ರೆ ಕೊಟ್ಟವರು ಸೋಪಿನ ನೀರಿನಲ್ಲಿ ನೆನೆಸಿ, ತೊಳೆದು, ಕೆಲವು ಎಲೆಗಳನ್ನು ಬೆಳಕಿಗೆ ಹಿಡಿದರೆ ಸಾಕೆನ್ನುತ್ತಾರೆ. ಪಕ್ಕದ ಬೀದಿಯವರಿಗೆ ಹುಳ ಬಾರದಂತೆ ಬಲೆ ಕಟ್ಟಿ ಬೆಳೆದ ಕೋಸೇ ಬೇಕು. ಮೂರನೆಯವರು, ಮಡಿಕೆಯಲ್ಲಿ ಅಡಗುವ ತಮ್ಮ ಜಾಣ್ಮೆಗೆ ತಲೆಬಾಗಿ, ಖಾನಾವಳಿಗಳಲ್ಲಿ ಕೋಸನ್ನೇ ನಿಷೇಧಿಸಿದ್ದಾರೆ. ಇಷ್ಟು ಮರ್ಯಾದೆ ಈ ಊರಿನಲ್ಲಿ ನನ್ನ ಗಂಡನಿಗೂ ಸಿಕ್ಕಿಲ್ಲ.

ನನ್ನ ಮಗಳು ಓರ್ಲಿ ಮದುವೆಯಾಗಿ ಸೇರಿದ್ದು ಆ ಮೂರನೆಯವರ ಮನೆಯನ್ನು. ಬೀಗರು ನಮ್ಮಲ್ಲಿ ಸುಲಿಯದ ಕಿತ್ತಳೆ ಬಿಟ್ಟು ಏನನ್ನೂ ಮುಟ್ಟಿದವರಲ್ಲ, ಅದನ್ನೂ ಕಾಗದದ ತಟ್ಟೆಯಲ್ಲಿ. ಮದುವೆಯಾದ ವಾರ ದಿನಕ್ಕೊಂದರಂತೆ ನಡೆಯುವ ಔತಣಗಳಲ್ಲಿ ನಾಲ್ಕನೆಯದು ನಮ್ಮದಾಗಿತ್ತು. ಅವರ ಕಟುಕನಿಂದಲೇ ಮಾಂಸ ತಂದೆ, ಹೊಸ ಪಾತ್ರೆ ಕೊಂಡೆ. ಆದರೂ ಮಗಳ ಮನೆಯವರು ನನ್ನ ಕೈಯಡುಗೆ ಉಣ್ಣದೆ ಎದ್ದುಹೋದರೆ ಏನು ಗತಿಯೆಂದು ಅಳುವೇ ಬಂತು. ಆ ಬೆಳಿಗ್ಗೆ ಅಳಿಯನ ಅಜ್ಜಿ ಫ್ರೇಡಾ ಭೂತಗನ್ನಡಿ ಹಿಡಿದು ಬಂದರು.

"ಖಾನಾವಳಿಗೆ ಮಂಡಳಿ ಇದೆ, ಮನೆಗೆ ನನ್ನ ಕಣ್ಣಿದೆ. ಮಾಂಸ ತುಂಬಿದ ಕೋಸಿನ ಸುರುಳಿ ತಿಂದು ಹನ್ನೊಂದು ವರ್ಷ ಆಯ್ತು ಕಣಮ್ಮಾ. ಎಲೆ ತಗೊಂಡ್ಬಾ!"

ಒಂದೊಂದಾಗಿ, ಎರಡೂ ಬದಿ ನೋಡುತ್ತ ನಲವತ್ತು ಎಲೆ ಮುಗಿಸಿದೆವು. ನಲವತ್ತೊಂದನೆಯದರಲ್ಲಿ ತಾವು ದಯಮಾಡಿಸಿದಿರಿ. ಎಲ್ಲ ಮುಗಿಯಿತೆಂದು ನಾನು ಎಲೆಯನ್ನು ಕೆಳಗಿಟ್ಟೆ. ಫ್ರೇಡಾ ಮಾತ್ರ, "ಸಿಕ್ಕಿದ ಕಳ್ಳ! ಎಲ್ಲಾ ಮತ್ತೆ ತೊಳಿ, ಮೊದಲಿಂದ ನೋಡೋಣ" ಎಂದರು. ಹೀಗೆ ತಮ್ಮ ದಯದಿಂದ ಇನ್ನೆರಡು ಗಂಟೆ ಜೊತೆಗೆ ಕೂತು, ಸುರುಳಿ ಬೇಯಿಸುವ ಸಾರಿಗೆ ಅವರಮ್ಮನ ಸಕ್ಕರೆಯೋ ನನ್ನಮ್ಮನ ನಿಂಬೆಯೋ ಎಂದು ಕಿತ್ತಾಡಿ, ಕೊನೆಗೆ ಎರಡನ್ನೂ ಹಾಕಿದೆವು.

ಸಂಜೆ ಫ್ರೇಡಾರ ಮಗ, ನನ್ನ ಬೀಗರಾದ ಯೆರಹ್ಮಿಯೇಲ್, ಅದೇ ಮೂರನೆಯ ಮಂಡಳಿಯ ತಪಾಸಣೆಗಾರರು, ತಟ್ಟೆಯ ಮೇಲೆ ಬಾಗಿ ಕೇಳಿದರು: "ಅಮ್ಮಾ, ಇದಕ್ಕೆ ಯಾರ ಮುದ್ರೆ?"

"ನಂದು. ತಿನ್ನು."

ತಿಂದರು. ನಾನು ಅಡುಗೆಮನೆಗೆ ಓಡಿ ಕಣ್ಣೊರೆಸಿಕೊಂಡೆ.

ಆದ್ದರಿಂದ ದೂರನ್ನು ಅರ್ಧ ಹಿಂತೆಗೆದುಕೊಂಡು ಕೋರುವುದೇನೆಂದರೆ, ಮುಂದೆ ಬರುವುದಾದರೆ ಮೊದಲ ಎಲೆಯಲ್ಲೇ ಬನ್ನಿ, ಸಾಧ್ಯವಾದರೆ ಕೆಂಪು ಟೋಪಿ ಧರಿಸಿ.

ತಮ್ಮನ್ನು ಇನ್ನೆಂದೂ ಕಾಣಬಯಸದ, ತಮ್ಮ ವಿಶ್ವಾಸಿ,
ಹಬೀಬಾ ಸೋಫೇರ್

ಮರೆತ ಮಾತು: ತಪಾಸಣೆಗಾರರು ಆರು ಸುರುಳಿ ತಿಂದರು. ಆ ಆರರಲ್ಲಿ ತಮ್ಮ ಬಂಧುಗಳು ಯಾರಾದರೂ ಇದ್ದಿದ್ದರೆ, ದಯವಿಟ್ಟು ಈ ಪತ್ರಕ್ಕೆ ಉತ್ತರ ಬರೆಯಬೇಡಿ.